ಎಲೆಯಡಿಕೆ ಚೀಲದ ಜಾಗ

ಸಾಣಿಕೆರೆ ದಾಟುವ ಮೊದಲೇ ರಸ್ತೆಗಡ್ಡ
ಹಳದಿ ಬಳಿದ ಎರಡು ಡ್ರಮ್ಮು, ಒಂದು ಬಿದಿರು.
ಬ್ರೇಕು ಒತ್ತಿದೆ. ಹಿಂದಿನ ಸೀಟಿನಲ್ಲಿ
ಖಾಲಿ ಎಣ್ಣೆ ಟಿನ್ನುಗಳು ಒಂದಕ್ಕೊಂದು ತಾಗಿ
ನನಗಿಂತ ಮೊದಲು ಮಾತಾಡಿದವು.

ಟಾರ್ಚು ಬಂತು. ಅದರ ಹಿಂದೆ ಮಫ್ಲರು,
ಮಫ್ಲರಿನೊಳಗೆ ಎಳೆ ಮುಖ, ಎದೆಯ ಮೇಲೆ ಹೆಸರು: ಪಾಲಯ್ಯ.
"ಎಲ್ಲಿಂದ ಬಂದ್ರಮ್ಮ ಇಷ್ಟೊತ್ನಲ್ಲಿ?"
"ಹಿರಿಯೂರಿಂದ. ಶೇಂಗಾ ಎಣ್ಣೆ ಬಾಕಿ ವಸೂಲಿ."
"ಗಾಡಿ ಪೇಪರ್ ತೋರಿಸಿ."

ಪೇಪರು ಇರುವುದು ಸೊಂಟದ ಚೀಲದಲ್ಲಿ.
ಅವ್ವ ಎಲೆಯಡಿಕೆ ಚೀಲ ಸಿಕ್ಕಿಸುತ್ತಿದ್ದ ಜಾಗ ಅದು,
ಎಡಕ್ಕೆ, ನೆರಿಗೆಯ ಪಕ್ಕ, ಸೆರಗಿನ ಕೆಳಗೆ.
ಅವಳದರಲ್ಲಿ ಸುಣ್ಣದ ಡಬ್ಬಿ, ಅಡಕತ್ತರಿ, ಒಂದೆರಡು ಲವಂಗ.
ನನ್ನದರಲ್ಲಿ ಆರ್.ಸಿ., ಲೈಸೆನ್ಸು,
ಎರಡಕ್ಕೂ ಮೈ ಒತ್ತಿಕೊಂಡು ಮೂವತ್ತೆರಡರ ರಿವಾಲ್ವರು.

ಹನ್ನೊಂದು ವರ್ಷ ಕನ್ನಡಿಯ ಮುಂದೆ ಒಪ್ಪಿಸಿದ ಪಾಠ:
ಒಳಗಿನ ದೀಪ ಹಾಕು. ಕೈ ಎರಡೂ ಸ್ಟೇರಿಂಗಿನ ಮೇಲೆ, ಬೆರಳು ಅಗಲ.
ಆಮೇಲೆ ಮಾತು.
ಮಾತಿನಲ್ಲೂ ಯಾವುದು ಮೊದಲು, ಯಾವುದು ಕೊನೆ.
'ರಿವಾಲ್ವರು' ಅಂತ ಶುರು ಮಾಡಿದರೆ ಕೆಟ್ಟೆ,
ಉಳಿದದ್ದನ್ನು ಕೇಳಲು ಯಾರೂ ನಿಂತಿರುವುದಿಲ್ಲ.
ಪುಣ್ಯಕ್ಕೆ ನಮ್ಮ ಮಾತಿನಲ್ಲಿ
ಜಾತಕವೆಲ್ಲ ಮುಂದೆ ಹೇಳಿ ಹೆಸರನ್ನು ಹಿಂದೆ ನಿಲ್ಲಿಸಬಹುದು:

"ಡೀಸಿ ಆಫೀಸಿಂದ ಲೈಸೆನ್ಸ್ ಕೊಟ್ಟಿರೋ,
ನನ್ನ ಹೆಸರಲ್ಲೇ ಇರೋ, ಎಲೆಕ್ಷನ್ ಬಂದಾಗೆಲ್ಲ
ಸ್ಟೇಷನ್ನಿಗೆ ಒಪ್ಪಿಸಿ ರಸೀತಿ ತಗೊಂಡಿರೋ
ರಿವಾಲ್ವರ್ ಒಂದು ಸೊಂಟದಾಗೆ ಐತಪ್ಪ.
ಪೇಪರೂ ಅಲ್ಲೇ ಐತೆ. ಏನ್ ಮಾಡ್ಲಿ, ನೀನೇ ಹೇಳು."

ಟಾರ್ಚು ಒಂದು ಹೆಜ್ಜೆ ಹಿಂದೆ ಸರಿಯಿತು.
ಬೆಳಕು ಸೊಂಟಕ್ಕಿಳಿಯಿತು, ನಾಚಿ ಮೇಲೆದ್ದಿತು, ಮತ್ತೆ ಇಳಿಯಿತು.
ತೆಗೀರಿ ಅನ್ನುವಂತಿಲ್ಲ.
ತಾನೇ ತೆಗೆಯುವಂತಿಲ್ಲ, ಹೆಂಗಸಿನ ಸೊಂಟ.
ಹೋಗಿ ಅನ್ನುವಂತೆಯೂ ಇಲ್ಲ, ಹೇಳಿಬಿಟ್ಟಿದ್ದೇನಲ್ಲ.
ವೈರ್‌ಲೆಸ್ಸು ಕೆಮ್ಮಿತು: ಲೇಡಿ ಪಿ.ಸಿ. ಚಳ್ಳಕೆರೆಯಿಂದ ಬರಬೇಕು.

ನಲವತ್ತು ನಿಮಿಷ ನಾವು ಹಾಗೇ.
ನನ್ನ ಕೈ ಚಕ್ರದ ಮೇಲೆ, ಅವನ ಕಣ್ಣು ನನ್ನ ಕೈ ಮೇಲೆ.
ದೂರದ ಗುಡ್ಡದಲ್ಲಿ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೆ ಮುಚ್ಚಿ ಒಟ್ಟಿಗೆ ತೆರೆದವು.
ಮೂಗು ನವೆಯಾಯಿತು. ತುರಿಸಿಕೊಳ್ಳಲಾ ಅಂತ ಕೇಳಿದೆ.
ಯೋಚಿಸಿದ. "ಬಲಗೈಲಿ," ಅಂದ.

"ನಿನ್ನ ಹತ್ರ ಏನೈತಪ್ಪ?"
"ಪೀಪಿ ಐತೆ. ಲಾಠಿ ಅಲ್ಲಿ ಕುರ್ಚಿ ಮೇಲೈತೆ."
ಅಷ್ಟು ದೊಡ್ಡ ಕತ್ತಲಲ್ಲಿ ಗುಂಡು ಇದ್ದವಳು ನಾನೊಬ್ಬಳೇ.
ಬೆವರುತ್ತಿದ್ದವಳೂ ನಾನೇ.

ಬಂದಳು, ಯಾರದೋ ಬೈಕಿನ ಹಿಂದೆ, ಶಾಲು ಹೊದ್ದು.
ತಣ್ಣನೆ ಬೆರಳು ಸೆರಗಿನಡಿ ತಡಕಿ ಚೀಲ ಬಿಚ್ಚಿದವು.
ಫೋಟೋದಲ್ಲಿ ನಾನಿನ್ನೂ ಕಪ್ಪು ಕೂದಲಿನವಳು.
"ಗುರುಬಸಮ್ಮ, ಕೋಂ ಚನ್ನವೀರಪ್ಪ." ಮುಖ ನೋಡಿದಳು, ಹಣೆ ನೋಡಿದಳು.
"ಇಲ್ಲಿ ಲೇಟ್ ಅಂತ ಸೇರಿಸ್ಬೇಕಲ್ಲಮ್ಮ."
"ಮರೀತೀನಿ," ಅಂದೆ.

ಅವರನ್ನು ಇದೇ ರಸ್ತೆಯಲ್ಲಿ ತಡೆದವರು
ಪೇಪರು ಕೇಳಿರಲಿಲ್ಲ.
ಹಣದ ಜೊತೆ ಬಲಗೈಯನ್ನೂ ಕೆಡಿಸಿ ಹೋದರು.
ಅವತ್ತಿಂದ ವಸೂಲಿ ನನ್ನದು.
ಇದನ್ನು ಅವಳಿಗೆ ಹೇಳಲಿಲ್ಲ.

ಗುಂಡು ಎಣಿಸಿದಳು. ಆರು. ಪುಸ್ತಕದಲ್ಲೂ ಆರು.
"ಒಂದೂ ಹಾರಿಸಿಲ್ವ?" ಪಾಲಯ್ಯ ಕೇಳಿದ.
"ಇಲ್ಲಪ್ಪ."
ಅವನಿಗೆ ಕೊಂಚ ನಿರಾಸೆ ಆದ ಹಾಗಿತ್ತು.

ಬಿದಿರು ಮೇಲೆದ್ದಿತು.
ಎಣ್ಣೆ ಗಿರಣಿಗಳ ಕಮಟು ಮೂಗಿಗೆ ಬಡಿಯುವವರೆಗೂ
ಗೊತ್ತೇ ಆಗಿರಲಿಲ್ಲ:
ಎರಡೂ ಕೈ ಚಕ್ರದ ಮೇಲೇ, ಬೆರಳು ಅಗಲ,
ಎರಡನೇ ಗೇರಿನಲ್ಲೇ ಊರು ಮುಟ್ಟಿದ್ದೆ.